ಸಣ್ಣ ಬೆಂಕಿ ಮತ್ತು ಕಂಡವರ ಹೊಣೆ

ಹತ್ತಿ ಬಿಡಿಸುವ ಕಾಲ ಬಂದಿತೆಂದರೆ ಸಗರನಾಡಿನ ರಸ್ತೆಗಳ ಅಂಚು ಬೆಳ್ಳಗಾಗುತ್ತದೆ. ಶಹಾಪುರ, ಸುರಪುರ, ಯಾದಗಿರಿ ಭಾಗದ ಜಿನ್ನಿಂಗ್ ಕಾರ್ಖಾನೆಗಳ ಮುಂದೆ ಹತ್ತಿ ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ತೂಕದ ಕಟ್ಟೆಯ ಬಳಿ ರೈತರ, ದಲಾಲರ, ಹಮಾಲರ ಗದ್ದಲ ತುಂಬಿರುತ್ತದೆ. ಇದೇ ದಿನಗಳಲ್ಲಿ ಇನ್ನೊಂದು ದೃಶ್ಯವೂ ಸಾಮಾನ್ಯ. ಅಂಗಳದ ಮೂಲೆಯಲ್ಲಿ ಒಟ್ಟಿದ ಅರಳೆಯ ರಾಶಿಯಿಂದ ತೆಳುವಾದ ಹೊಗೆ ಏಳುತ್ತದೆ. ಹಮಾಲರಿಬ್ಬರು ಓಡಿಹೋಗಿ ನಾಲ್ಕು ಕೊಡ ನೀರು ಸುರಿಯುತ್ತಾರೆ. ಹೊಗೆ ಅಡಗುತ್ತದೆ, ಯಂತ್ರ ಮತ್ತೆ ತಿರುಗುತ್ತದೆ. ಎದುರಿನ ಅಂಗಡಿಯವರು ಅದನ್ನು ಕಂಡಿರುತ್ತಾರೆ, ಪಕ್ಕದ ಗೋದಾಮಿನವರೂ ಕಂಡಿರುತ್ತಾರೆ. ಆದರೆ ಸಂಜೆಯಾಗುವಷ್ಟರಲ್ಲಿ ಆ ಮಾತು ಯಾರ ನಾಲಗೆಯ ಮೇಲೂ ಉಳಿದಿರುವುದಿಲ್ಲ.

ವ್ಯಾಪಾರಸ್ಥನು ಹತ್ತು ರೂಪಾಯಿಯ ಖರ್ಚನ್ನೂ ರೋಕಡದಲ್ಲಿ ಬರೆಯುತ್ತಾನೆ. ಗೋಣಿಚೀಲ ಹರಿದು ಎರಡು ಕಿಲೋ ತೊಗರಿ ಚೆಲ್ಲಿದರೆ ಅದಕ್ಕೂ ಲೆಕ್ಕ ಇಡುತ್ತಾನೆ. ಆದರೆ ತನ್ನ ಅಂಗಳದಲ್ಲಿ ಹೊತ್ತಿ ಆರಿದ ಬೆಂಕಿಯನ್ನು ಎಲ್ಲಿಯೂ ಬರೆಯುವುದಿಲ್ಲ. ಓಣಿಯಲ್ಲಿ ಕಂಡ ಬೆಂಕಿಯನ್ನಂತೂ ಬಾಯಿಬಿಟ್ಟು ಹೇಳುವುದೂ ಇಲ್ಲ. ದೊಡ್ಡ ಬೆಂಕಿ ಪತ್ರಿಕೆಯ ಸುದ್ದಿಯಾಗುತ್ತದೆ, ಪಂಚನಾಮೆಯಾಗುತ್ತದೆ, ಪರಿಹಾರದ ಅರ್ಜಿಯಾಗುತ್ತದೆ. ಸಣ್ಣ ಬೆಂಕಿ ಏನೂ ಆಗದೆ ಮರೆತುಹೋಗುತ್ತದೆ. ದೊಡ್ಡ ಬೆಂಕಿಯ ಮೂಲ ಹುಡುಕಿದಾಗ ಬಹಳ ಸಲ ಸಿಗುವುದು ಹೀಗೆ ಮರೆತುಹೋದ ಒಂದು ಹೊಗೆಯೇ ಎಂಬುದು ಗಂಭೀರವಾಗಿ ಯೋಚಿಸಬೇಕಾದ ಸಂಗತಿ.

ಹತ್ತಿ ಕಲಿಸಿದ ಪಾಠ

ದೇಶದಾದ್ಯಂತ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸಲಾಗುತ್ತದೆ. ಅದರ ಹಿಂದಿರುವ ಘಟನೆ ಹತ್ತಿಯ ವ್ಯಾಪಾರಕ್ಕೆ ಎಷ್ಟು ಹತ್ತಿರದ್ದೆಂಬುದು ಅನೇಕರಿಗೆ ತಿಳಿದಿಲ್ಲ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು ನಿಂತಿತ್ತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಅವುಗಳ ಜೊತೆಗೆ ಕರಾಚಿಯಲ್ಲಿ ತುಂಬಿಸಿಕೊಂಡ ಸಾವಿರಾರು ಹತ್ತಿ ಬೇಲುಗಳೂ ಇದ್ದವು. ಬೆಂಕಿ ಕಾಣಿಸಿಕೊಂಡದ್ದು ಹತ್ತಿಯಲ್ಲಿ. ಮಧ್ಯಾಹ್ನದ ಊಟದ ವಿರಾಮ ಮುಗಿಸಿ ಕೂಲಿಕಾರರು ಮರಳಿ ಬಂದಾಗ ಹಡಗಿನ ಒಡಲಿನಿಂದ ಹೊಗೆ ಬರುತ್ತಿತ್ತು. ಅದಕ್ಕಿಂತ ಮೊದಲೇ ಸಮೀಪದ ಹಡಗುಗಳಲ್ಲಿದ್ದ ಕೆಲವರ ಕಣ್ಣಿಗೆ ಆ ಹೊಗೆ ಬಿದ್ದಿತ್ತು. ಸಂಬಂಧಪಟ್ಟವರು ನೋಡಿಕೊಳ್ಳುತ್ತಾರೆಂದು ಅವರು ಸುಮ್ಮನಿದ್ದರು.

ಅನಂತರ ಅಗ್ನಿಶಾಮಕ ದಳ ಬಂದಿತು. ನೂರಾರು ಟನ್ ನೀರು ಸುರಿಯಿತು. ಬಿಗಿದು ಕಟ್ಟಿದ ಹತ್ತಿಯೊಳಗಿನ ಬೆಂಕಿಯ ನೆಲೆ ಮಾತ್ರ ಸಿಗಲಿಲ್ಲ. ಸಂಜೆ 4 ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ಹಡಗು ಸ್ಫೋಟಗೊಂಡಿತು; ಅರ್ಧ ಗಂಟೆಯೊಳಗೆ ಎರಡನೆಯ ಸ್ಫೋಟವಾಯಿತು. ಅಗ್ನಿಶಾಮಕ ದಳದ 66 ಮಂದಿ ಪ್ರಾಣತೆತ್ತರು. ಒಟ್ಟು ಸತ್ತವರ ಸಂಖ್ಯೆ ಎಂಟು ನೂರಕ್ಕೂ ಹೆಚ್ಚೆಂದು ಅಂದಾಜು. ಡಾಕಿನ ಗೋದಾಮುಗಳು, ಧಾನ್ಯದ ದಾಸ್ತಾನು, ಸುತ್ತಲಿನ ವಸತಿ ಎಲ್ಲವೂ ನಾಶವಾದವು. ಸ್ಫೋಟಕ ಸಿಡಿದದ್ದು ನಾಲ್ಕು ಗಂಟೆಗೆ. ಅನಾಹುತ ಆರಂಭವಾದದ್ದು ಮಧ್ಯಾಹ್ನ, ಹೊಗೆಯನ್ನು ಕಂಡ ಮೊದಲ ವ್ಯಕ್ತಿ ಬಾಯಿ ತೆರೆಯದಿದ್ದ ಕ್ಷಣದಲ್ಲಿ.

ಕಂಡೂ ಸುಮ್ಮನಿರುವುದೇಕೆ?

ಹಾಗೆ ಸುಮ್ಮನಿದ್ದವರು ದುಷ್ಟರಲ್ಲ, ಹೇಡಿಗಳೂ ಅಲ್ಲ. ಇದು ಮನುಷ್ಯ ಸ್ವಭಾವವೆಂಬುದನ್ನು 1968ರಲ್ಲಿ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಅಮೆರಿಕದ ಮನೋವಿಜ್ಞಾನಿಗಳು ಪ್ರಯೋಗದ ಮೂಲಕ ತೋರಿಸಿದರು. ಕೋಣೆಯಲ್ಲಿ ಕುಳಿತು ಪ್ರಶ್ನಾವಳಿ ತುಂಬುತ್ತಿದ್ದ ವಿದ್ಯಾರ್ಥಿಗಳ ಕಡೆಗೆ ಗೋಡೆಯ ಕಿಂಡಿಯಿಂದ ಹೊಗೆ ಬಿಡಲಾಯಿತು. ಒಬ್ಬನೇ ಕುಳಿತಿದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ವಿಷಯ ತಿಳಿಸಿದರು. ಹೊಗೆ ಕಂಡರೂ ಕದಲಬಾರದೆಂದು ಮೊದಲೇ ಹೇಳಿಕೊಟ್ಟಿದ್ದ ಇಬ್ಬರನ್ನು ಪಕ್ಕದಲ್ಲಿ ಕೂರಿಸಿದಾಗ ಎದ್ದು ಹೋದವರು ನೂರಕ್ಕೆ 10 ಮಂದಿ ಮಾತ್ರ. ಉಳಿದವರು ಕಣ್ಣುಜ್ಜಿಕೊಳ್ಳುತ್ತ, ಕೆಮ್ಮುತ್ತ, ಬರೆಯುವುದನ್ನು ಮುಂದುವರಿಸಿದರು. ಇತರರು ಸುಮ್ಮನಿದ್ದಾರೆಂದ ಮೇಲೆ ಅಪಾಯವಿರಲಾರದು ಎಂಬುದೇ ಅವರ ತರ್ಕವಾಗಿತ್ತು.

ಗಂಜಿನ ಓಣಿಯಲ್ಲಿ ಈ ಪ್ರಯೋಗ ಪ್ರತಿದಿನ ನಡೆಯುತ್ತಿದೆ. ಅಲ್ಲಿ ಯಾರೂ ಒಬ್ಬಂಟಿಯಲ್ಲ. ಮೀಟರ್ ಬೋರ್ಡಿನಿಂದ ಸುಟ್ಟ ವಾಸನೆ ಬರುತ್ತಿದ್ದರೆ ಹತ್ತು ಮೂಗುಗಳಿಗೆ ತಿಳಿಯುತ್ತದೆ. ಹತ್ತೂ ಮಂದಿ ಪರಸ್ಪರರ ಮುಖ ನೋಡುತ್ತಾರೆ. ವ್ಯಾಪಾರಿಗಳ ನಡುವೆ ಇದಕ್ಕೆ ಮೂರು ಬೇರೆ ಕಾರಣಗಳೂ ಕೂಡಿಕೊಳ್ಳುತ್ತವೆ. ಮೊದಲನೆಯದು ದಾಕ್ಷಿಣ್ಯ: ಪಕ್ಕದವರ ಗೋದಾಮಿನಲ್ಲಿ ಹೊಗೆ ಬಂದಿತೆಂದು ಕೂಗಿದರೆ ಅವರ ಹೆಸರು ಕೆಡುತ್ತದೆ, ನಾಳೆ ಮುಖ ನೋಡುವುದು ಹೇಗೆ ಎಂಬ ಸಂಕೋಚ. ಎರಡನೆಯದು ಪೈಪೋಟಿ: ಪ್ರತಿಸ್ಪರ್ಧಿಯ ಅಂಗಡಿಯ ಬಗ್ಗೆ ಮಾತೆತ್ತಿದರೆ ಹೊಟ್ಟೆಕಿಚ್ಚೆಂಬ ಆರೋಪ ಬಂದೀತೆಂಬ ಭಯ. ಮೂರನೆಯದು ಕಾಗದಪತ್ರಗಳ ಅಂಜಿಕೆ: ಅಗ್ನಿಶಾಮಕ ವಾಹನ ಬಂದರೆ ತಪಾಸಣೆ ಬರುತ್ತದೆ, ಪರವಾನಗಿ ಕೇಳುತ್ತಾರೆ, ವಿಮೆಯ ಕಂತು ಏರುತ್ತದೆ ಎಂಬ ಲೆಕ್ಕಾಚಾರ. ಈ ಮೂರೂ ಅರ್ಥವಾಗುವಂಥ ಕಾರಣಗಳೇ. ಆದರೆ ಹತ್ತಿಗೆ ಹತ್ತಿದ ಕಿಡಿ ಇವುಗಳಲ್ಲಿ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೊದಲು ಕಾಣುವವರು ಯಾರು?

ಗೋದಾಮಿನ ಬೆಂಕಿಯನ್ನು ಮೊದಲು ಕಾಣುವವರು ಬಹುತೇಕ ಮಾಲೀಕರಲ್ಲ. ರಾತ್ರಿ ಅಂಗಳದಲ್ಲಿಯೇ ಮಲಗುವ ಹಮಾಲ, ಕಾವಲುಗಾರ, ಮುಂಜಾನೆ ಕಸ ಗುಡಿಸುವ ಹೆಣ್ಣುಮಗಳು, ಚಹಾ ತರುವ ಹುಡುಗ, ಲಾರಿಯ ಕ್ಲೀನರ್ ಇವರೇ ಮೊದಲ ಸಾಕ್ಷಿಗಳು. ವಿಚಿತ್ರವೆಂದರೆ, ಬೆಂಕಿಯನ್ನು ಕಂಡು ಕೂಗಲು ಅತ್ಯಂತ ಕಡಿಮೆ ಧೈರ್ಯವಿರುವವರೂ ಇವರೇ. ಕಾವಲುಗಾರನು ಹೊಗೆ ಕಂಡರೆ ಮೊದಲು ಸಾಹುಕಾರರಿಗೆ ಫೋನ್ ಮಾಡುತ್ತಾನೆ. ಸಾಹುಕಾರರು ಗುಮಾಸ್ತರನ್ನು ಎಬ್ಬಿಸುತ್ತಾರೆ. ಗುಮಾಸ್ತರು ಬಂದು ನೋಡಿದ ಮೇಲೆ 101ಕ್ಕೆ ಕರೆ ಹೋಗುತ್ತದೆ. ಕೇಳದೆ ಕರೆ ಮಾಡಿ, ಬೆಂಕಿ ಸಣ್ಣದಾಗಿದ್ದರೆ, ಮರುದಿನ ಬೈಗುಳ ತಪ್ಪದು ಎಂಬುದು ಅವನ ಅನುಭವ.

ತಾಲೂಕು ಕೇಂದ್ರದಲ್ಲಿ ಈ ವಿಳಂಬ ಹತ್ತು ಹದಿನೈದು ನಿಮಿಷದ್ದಾಗಬಹುದು. ಕೆಂಭಾವಿ, ಕಕ್ಕೇರಾದಂತಹ ಕಡೆಗಳಲ್ಲಿ, ಹತ್ತಿಗುಡೂರಿನ ರಸ್ತೆ ಬದಿಯ ಗೋದಾಮುಗಳಲ್ಲಿ, ಅಗ್ನಿಶಾಮಕ ವಾಹನವು ದೂರದ ಠಾಣೆಯಿಂದ ಬರಬೇಕಾದ ಸಮಯವೂ ಅದಕ್ಕೆ ಕೂಡಿಕೊಳ್ಳುತ್ತದೆ. ದೂರವನ್ನು ಕಡಿಮೆ ಮಾಡುವುದು ವ್ಯಾಪಾರಿಯ ಕೈಯಲ್ಲಿಲ್ಲ. ಅದಕ್ಕೆ ಸರ್ಕಾರವನ್ನು ಕೇಳಬೇಕು, ಕೇಳುತ್ತಲೇ ಇರಬೇಕು. ಆದರೆ ಕರೆ ಹೋಗುವ ಮುಂಚಿನ ಹದಿನೈದು ನಿಮಿಷ ಪೂರ್ತಿಯಾಗಿ ಅವನ ಕೈಯಲ್ಲಿಯೇ ಇದೆ. ಹೊಗೆಯನ್ನು ಕಂಡವನು ಯಾರನ್ನೂ ಕೇಳದೆ ಕರೆ ಮಾಡಬಹುದು, ತಪ್ಪಾದರೂ ಸಂಬಳಕ್ಕೆ ಕತ್ತರಿ ಬೀಳದು ಎಂಬ ಒಂದೇ ಮಾತನ್ನು ಮಾಲೀಕರು ಸ್ಪಷ್ಟವಾಗಿ ಹೇಳಿದರೆ ಸಾಕು. ಅದಕ್ಕೆ ಖರ್ಚಿಲ್ಲ. ಗೋದಾಮಿನ ಅತ್ಯಂತ ಅಗ್ಗದ ಅಗ್ನಿಶಾಮಕ ಸಾಧನ ಈ ಮಾತೇ. ಒಳಗೆ ಮಲಗಿರುವವರ ಜೀವವೂ ಅದನ್ನೇ ಅವಲಂಬಿಸಿದೆ ಎಂಬುದನ್ನು ಮರೆಯಬಾರದು. ಸುಟ್ಟ ಸರಕಿಗೆ ವಿಮೆಯುಂಟು, ಸುಟ್ಟ ಜೀವಕ್ಕೆ ಇಲ್ಲ.

ಆರಿದಂತೆ ಕಾಣುವ ಬೆಂಕಿ

ಸಣ್ಣ ಬೆಂಕಿಯ ಬಗ್ಗೆ ಇರುವ ಇನ್ನೊಂದು ಭ್ರಮೆ, ಆರಿಸಿದ ಮೇಲೆ ಅದು ಮುಗಿಯಿತೆಂಬುದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತರು. ಆ ಕಟ್ಟಡದ ಕೆಳಗಿದ್ದ ವಿದ್ಯುತ್ ಪರಿವರ್ತಕಕ್ಕೆ ಅದೇ ದಿನ ಬೆಳಿಗ್ಗೆ ಏಳು ಗಂಟೆಯ ಸುಮಾರಿಗೆ ಬೆಂಕಿ ತಗುಲಿತ್ತು. ಅದನ್ನು ಆರಿಸಲಾಯಿತು, ದುರಸ್ತಿ ಮಾಡಿ ಮಧ್ಯಾಹ್ನದೊಳಗೆ ವಿದ್ಯುತ್ ಹರಿಸಲಾಯಿತು. ಸಂಜೆಯ ಹೊತ್ತಿಗೆ ಅದೇ ಪರಿವರ್ತಕ ಮತ್ತೆ ಹೊತ್ತಿಕೊಂಡಿತು. ಹೊಗೆ ಮೇಲೇರಿ ಪ್ರೇಕ್ಷಕರ ಉಸಿರು ಕಟ್ಟಿಸಿತು. ಬೆಳಗಿನ ಸಣ್ಣ ಬೆಂಕಿ ಒಂದು ಎಚ್ಚರಿಕೆಯಾಗಿತ್ತು. ಅದನ್ನು ದುರಸ್ತಿಯ ಒಂದು ಕೆಲಸವೆಂದಷ್ಟೇ ನೋಡಲಾಯಿತು.

ಕರ್ನಾಟಕದಲ್ಲಿಯೂ ಇಂತಹ ನೆನಪುಗಳಿವೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಮಂದಿ ಸತ್ತರು. ಬೆಂಕಿ ಹುಟ್ಟಿದ್ದು ವಿದ್ಯುತ್ ತಂತಿಗಳು ಹಾಯುವ ಕೊಳವೆಯಲ್ಲಿ. ಕೊಂದದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ ಮತ್ತು ಹೊರಹೋಗಲು ಸಿಗದ ದಾರಿ. ಪಟ್ಟಣದ ಅಂಗಡಿಗಳಲ್ಲಿ ಮೆಟ್ಟಿಲ ಕೆಳಗೆ ಡಬ್ಬಿ ಪೆಟ್ಟಿಗೆ ತುಂಬಿ, ಹಿಂಬಾಗಿಲಿಗೆ ಬೀಗ ಹಾಕಿ, ಮೀಟರ್ ಬೋರ್ಡಿನ ಮುಂದೆ ಗೋಣಿಚೀಲ ಒಟ್ಟುವ ರೂಢಿಯನ್ನು ಈ ಘಟನೆಯ ಬೆಳಕಿನಲ್ಲಿ ನೋಡಬೇಕು.

ಸಗರನಾಡಿನ ಸರಕುಗಳಿಗಂತೂ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಹತ್ತಿಯೊಡನೆ ಬಂದ ಕಲ್ಲು, ಮೊಳೆ, ತಂತಿಯ ತುಂಡು ಜಿನ್ನಿನ ಉಕ್ಕಿಗೆ ತಾಗಿದಾಗ ಕಿಡಿ ಹಾರುತ್ತದೆ. ಆ ಕಿಡಿ ಅರಳೆಯೊಡನೆ ಸೇರಿ ಪ್ರೆಸ್ಸಿಗೆ ಹೋದರೆ ಬೇಲಿನ ಒಡಲಲ್ಲಿ ದಿನಗಟ್ಟಲೆ ಕಾಣದಂತೆ ಕನಲುತ್ತಿರುತ್ತದೆ. ಹೊರಮೈಗೆ ನೀರೆರೆದರೆ ಅಥವಾ ಪುಡಿ ಸಿಂಪಡಿಸಿದರೆ ಜ್ವಾಲೆ ಅಡಗುತ್ತದೆಯೇ ಹೊರತು ಒಳಗಿನ ಕೆಂಡ ಆರುವುದಿಲ್ಲ. ಲಾರಿಯಲ್ಲಿ ಹೇರಿ ನೂರಾರು ಮೈಲಿ ಸಾಗಿದ ಮೇಲೆ, ಅಥವಾ ಬೇರೊಬ್ಬರ ಗೋದಾಮು ಸೇರಿದ ಮೇಲೆ, ಗಾಳಿ ಸಿಕ್ಕಾಗ ಅದು ಹೊರಬೀಳುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ಬಂದ ಮೇಲೆ ಹೆಚ್ಚಿದ ಭತ್ತದ ಬೆಳೆ ಬೇರೆ ಸಮಸ್ಯೆಗಳನ್ನು ತಂದಿದೆ. ಹಸಿಯಿರುವಾಗಲೇ ಒಟ್ಟಿದ ಹುಲ್ಲಿನ ಬಣವೆ ಒಳಗೊಳಗೇ ಕಾಯುತ್ತದೆ. ರೈಸ್ ಮಿಲ್ಲಿನ ಉಮಿಯ ಬೂದಿ ಮೇಲೆ ತಣ್ಣಗಿದ್ದರೂ ಒಡಲಲ್ಲಿ ಕೆಂಡವನ್ನು ಹಿಡಿದಿರುತ್ತದೆ. ಕೊಯ್ಲಾದ ಗದ್ದೆಯ ಕೂಳೆಗೆ, ಹೊಲದಲ್ಲಿ ಉಳಿದ ಹತ್ತಿ ಕಟ್ಟಿಗೆಗೆ ಹಚ್ಚಿದ ಬೆಂಕಿ ಗಾಳಿಯೊಡನೆ ಪಕ್ಕದ ಬಣವೆಗೋ ಶೆಡ್ಡಿಗೋ ಹಾಯುತ್ತದೆ. ಎತ್ತರವಾಗಿ ಹೇರಿದ ಹತ್ತಿಯ ಅಥವಾ ಹುಲ್ಲಿನ ಗಾಡಿ ಜೋತುಬಿದ್ದ ವಿದ್ಯುತ್ ತಂತಿಗೆ ತಾಗುವುದು ಬೇಸಿಗೆಯ ಮಾಮೂಲು ಸುದ್ದಿ. ದೀಪಾವಳಿಯಂದು ಹೊಸ ಖಾತೆ ಪುಸ್ತಕಗಳನ್ನಿಟ್ಟು ಲಕ್ಷ್ಮೀಪೂಜೆ ಮಾಡಿ, ದೀಪ ಆರಬಾರದೆಂಬ ಶ್ರದ್ಧೆಯಿಂದ ಅದನ್ನು ಉರಿಯಬಿಟ್ಟು ಅಂಗಡಿಗೆ ಬೀಗ ಹಾಕುವವರು ಈಗಲೂ ಇದ್ದಾರೆ. ಶ್ರದ್ಧೆಗೆ ಭಂಗ ಬಾರದಂತೆ ಒಬ್ಬರು ಅಲ್ಲಿ ಕುಳಿತಿದ್ದರೆ ಲಕ್ಷ್ಮಿಗೂ ಕ್ಷೇಮ, ಅಂಗಡಿಗೂ ಕ್ಷೇಮ.

ವಿಮೆ ಮತ್ತು ಪ್ರತಿಷ್ಠೆ

ಬೆಂಕಿಯ ವಿಷಯ ಹೊರಬಿದ್ದರೆ ವಿಮೆಗೆ ತೊಂದರೆ ಎಂಬ ವಾದವನ್ನು ಸ್ವಲ್ಪ ಪರಿಶೀಲಿಸಬೇಕು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯು ಒಂದು ಸ್ಥಳದಲ್ಲಿರುವ 5 ಕೋಟಿ ರೂಪಾಯಿವರೆಗಿನ ಆಸ್ತಿಗೂ, ‘ಭಾರತ್ ಲಘು ಉದ್ಯಮ ಸುರಕ್ಷಾ’ ಪಾಲಿಸಿಯು 5 ಕೋಟಿಯಿಂದ 50 ಕೋಟಿವರೆಗಿನ ಆಸ್ತಿಗೂ ಅನ್ವಯಿಸುತ್ತವೆ. ಸರಕು ತನ್ನದೇ ಹುದುಗುವಿಕೆಯಿಂದ ಅಥವಾ ಒಳಕಾವಿನಿಂದ ತಾನಾಗಿ ಹೊತ್ತಿಕೊಂಡರೆ ಆ ಸರಕಿನ ನಷ್ಟವನ್ನು ಬೆಂಕಿಯ ರಕ್ಷಣೆಯಿಂದ ಹೊರಗಿಡಲಾಗಿದೆ. ಹತ್ತಿ, ಹುಲ್ಲು, ಹಿಂಡಿ ವ್ಯಾಪಾರ ಮಾಡುವವರು ಈ ಷರತ್ತನ್ನು ಓದಲೇಬೇಕು. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಕೊರತೆ ಶೇ. 15ರೊಳಗಿದ್ದಾಗ ಮಾತ್ರ ವಿನಾಯಿತಿಯುಂಟು. ಉದಾಹರಣೆಗೆ 40 ಲಕ್ಷ ರೂಪಾಯಿಯ ಸರಕಿಗೆ 20 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದವನಿಗೆ 10 ಲಕ್ಷದ ನಷ್ಟವಾದರೆ ಕೈಗೆ ಬರುವುದು ಸುಮಾರು 5 ಲಕ್ಷ. ಅಂದರೆ ವಿಮೆಯು ವ್ಯಾಪಾರಿ ಭಾವಿಸಿರುವಷ್ಟು ದಪ್ಪನೆಯ ಕಂಬಳಿಯಲ್ಲ. ವಿಮೆದಾರನು ತನ್ನ ಆಸ್ತಿಯ ರಕ್ಷಣೆಗೆ ಸೂಕ್ತ ಎಚ್ಚರ ವಹಿಸಬೇಕೆಂಬುದೂ ಕರಾರಿನ ಭಾಗವೇ. ಸಣ್ಣ ಬೆಂಕಿಯನ್ನು ಬರೆದಿಟ್ಟು, ಅದರ ಕಾರಣ ಸರಿಪಡಿಸಿದ್ದಕ್ಕೆ ದಾಖಲೆ ಇಟ್ಟವನು ಸರ್ವೇಯರನ ಮುಂದೆ ಧೈರ್ಯವಾಗಿ ನಿಲ್ಲಬಲ್ಲನು, ಮುಚ್ಚಿಟ್ಟವನು ನಿಲ್ಲಲಾರನು.

ಕಾನೂನಿನ ದೃಷ್ಟಿಯಿಂದಲೂ ಮೌನ ಕ್ಷೇಮಕರವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 287ನೆಯ ಕಲಮು, ಬೆಂಕಿ ಅಥವಾ ದಹನಶೀಲ ವಸ್ತುಗಳ ವಿಷಯದಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ನಿರ್ಲಕ್ಷ್ಯದಿಂದ ವರ್ತಿಸುವುದನ್ನು ಅಪರಾಧವೆಂದು ಹೇಳುತ್ತದೆ. ಆರು ತಿಂಗಳವರೆಗಿನ ಸಜೆಗೂ ಅವಕಾಶವಿದೆ.

ಇನ್ನು ಪ್ರತಿಷ್ಠೆಯ ಮಾತು. ಸಣ್ಣದಕ್ಕೆಲ್ಲ ಕೂಗೆಬ್ಬಿಸಿದರೆ ಗಿರಾಕಿಗಳು ಹೆದರುತ್ತಾರೆ, ಪೊಳ್ಳು ಕರೆಗಳಿಂದ ಅಗ್ನಿಶಾಮಕ ಸಿಬ್ಬಂದಿಗೂ ಬೇಸರವಾಗುತ್ತದೆ ಎಂಬ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ. ಕುಚೇಷ್ಟೆಯ ಕರೆ ಖಂಡಿತ ತಪ್ಪು. ಆದರೆ ಹೊಗೆಯನ್ನು ಕಣ್ಣಾರೆ ಕಂಡು ಮಾಡಿದ ಕರೆ, ವಾಹನ ಬರುವಷ್ಟರಲ್ಲಿ ಬೆಂಕಿ ಆರಿದ್ದರೂ, ಪೊಳ್ಳು ಕರೆಯಲ್ಲ. ಬಂದ ಸಿಬ್ಬಂದಿ ಒಳಗೆ ಕೆಂಡ ಉಳಿದಿದೆಯೇ ಎಂದು ಪರೀಕ್ಷಿಸಿ ಹೋದರೆ ಅದೇ ದೊಡ್ಡ ಲಾಭ.

ಮಾಡಬಹುದಾದ ಕೆಲಸಗಳು

ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಪ್ರತಿ ಓಣಿಯ, ಪ್ರತಿ ಮಾರುಕಟ್ಟೆ ಪ್ರಾಂಗಣದ ವರ್ತಕರ ಸಂಘವು ‘ಸಣ್ಣ ಬೆಂಕಿ ಪುಸ್ತಕ’ವೊಂದನ್ನು ಇಡಬಹುದು. ದಿನಾಂಕ, ವೇಳೆ, ಸ್ಥಳ, ಏನು ಹೊತ್ತಿತು, ಯಾರು ಕಂಡರು, ಹೇಗೆ ಆರಿತು, ಕಾರಣ ಸರಿಪಡಿಸಲಾಯಿತೇ ಎಂಬ ಏಳು ಕಲಮುಗಳು ಸಾಕು. ಅಂಗಡಿಯ ಹೆಸರು ಬರೆಯಲು ಸಂಕೋಚವಾದರೆ ಓಣಿಯ ಹೆಸರಷ್ಟೇ ಬರೆಯಲಿ. ಹಂಗಾಮು ಮುಗಿದ ಮೇಲೆ ಪುಟ ತಿರುವಿದರೆ ಯಾವ ತಿಂಗಳು, ಯಾವ ವೇಳೆ, ಯಾವ ಕಂಬದ ಬಳಿ ಬೆಂಕಿ ಮರುಕಳಿಸುತ್ತಿದೆಯೆಂಬುದು ತಾನಾಗಿ ಕಾಣುತ್ತದೆ. ಜೋತುಬಿದ್ದ ತಂತಿಯ ಬಗ್ಗೆ ವಿದ್ಯುತ್ ಕಂಪನಿಗೆ, ಅಗ್ನಿಶಾಮಕ ಠಾಣೆಯ ಬಗ್ಗೆ ಸರ್ಕಾರಕ್ಕೆ ಮನವಿ ಸಲ್ಲಿಸುವಾಗ ಹತ್ತು ಭಾಷಣಗಳಿಗಿಂತ ಈ ಒಂದು ಪುಸ್ತಕಕ್ಕೆ ಹೆಚ್ಚು ತೂಕವಿರುತ್ತದೆ.

ಎರಡನೆಯದಾಗಿ, 101 ಮತ್ತು 112 ಸಂಖ್ಯೆಗಳನ್ನು ಗೋದಾಮಿನ ಬಾಗಿಲ ಮೇಲೆ ಕನ್ನಡದ ದಪ್ಪ ಅಂಕಿಗಳಲ್ಲಿ ಬರೆಸಿ, ಅದರ ಕೆಳಗೆ ಆ ಸ್ಥಳದ ಗುರುತನ್ನೂ ಬರೆಸಬೇಕು. ಗಾಬರಿಯಲ್ಲಿ ಕರೆ ಮಾಡಿದವನಿಗೆ ತಾನೆಲ್ಲಿದ್ದೇನೆಂದು ಹೇಳಲು ಬಾರದೆ ಸಮಯ ಹಾಳಾಗುವುದು ತಪ್ಪುತ್ತದೆ. ಏನು ಉರಿಯುತ್ತಿದೆಯೆಂಬುದನ್ನೂ ಹೇಳಬೇಕು. ವಿದ್ಯುತ್ತಿನ ಬೆಂಕಿಗೆ ನೀರೆರೆಯಬಾರದು. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿರುವಂತಹ ರಾಸಾಯನಿಕ ಘಟಕಗಳಲ್ಲಿ ಯಾವ ವಸ್ತುವೆಂದು ತಿಳಿಯದೆ ನೀರು ಹಾಕುವುದು ಇನ್ನೂ ಅಪಾಯಕರ. ಮೂರನೆಯದಾಗಿ, ಸಂಶಯ ಬಂದ ಹತ್ತಿ ಬೇಲನ್ನು ಉಳಿದವುಗಳಿಂದ ದೂರ, ಬಯಲಿನಲ್ಲಿ ಹಲವು ದಿನ ಪ್ರತ್ಯೇಕವಾಗಿರಿಸಿ ಗಮನಿಸಬೇಕು. ಅದನ್ನು ಲಾರಿಗೆ ಹೇರಿ ಕೈತೊಳೆದುಕೊಳ್ಳುವುದು ವ್ಯಾಪಾರ ಧರ್ಮವಲ್ಲ. ನಾಲ್ಕನೆಯದಾಗಿ, ಅಗ್ನಿಶಾಮಕ ಸಪ್ತಾಹದಲ್ಲಿ ಠಾಣೆಯವರನ್ನು ಪ್ರಾಂಗಣಕ್ಕೆ ಕರೆಸಿ, ಮಾಲೀಕರಿಗಿಂತ ಮೊದಲು ಹಮಾಲರಿಗೆ ಮತ್ತು ಕಾವಲುಗಾರರಿಗೆ ಬೆಂಕಿ ಆರಿಸುವ ಸಿಲಿಂಡರಿನ ಪಿನ್ನು ಕೀಳುವುದನ್ನು ಕಲಿಸಬೇಕು. ಹಂಗಾಮಿನಲ್ಲಿ ಮೊದಲು ಹೊಗೆ ಕಂಡು ಕೂಗಿದವನಿಗೆ ಸಂಘದ ವಾರ್ಷಿಕ ಸಭೆಯಲ್ಲಿ ಒಂದು ಶಾಲು, ಒಂದು ಕಾಯಿ ಕೊಟ್ಟರೆ ಉಳಿದವರ ಬಾಯಿಯೂ ತೆರೆಯುತ್ತದೆ.

ಬೆಂಕಿಯನ್ನು ಎಲ್ಲರೂ ಕೂಡಿ ಕಾಯುವುದು ಸಗರನಾಡಿಗೆ ಹೊಸತಲ್ಲ. ಮೊಹರಂನಲ್ಲಿ ಊರೂರಿನ ಅಲಾಯಿ ಕುಣಿಯಲ್ಲಿ ಬೆಂಕಿ ಉರಿಯುತ್ತದೆ. ಜಾತಿ ಮತಗಳ ಭೇದವಿಲ್ಲದೆ ಜನ ಅದರ ಸುತ್ತ ಹೆಜ್ಜೆ ಹಾಕುತ್ತಾರೆ. ಹಿರಿಯರೊಬ್ಬರು ಮಕ್ಕಳನ್ನು ಹಿಂದಕ್ಕೆ ಸರಿಸುತ್ತಾರೆ, ಮತ್ತೊಬ್ಬರು ಹೊರಬಿದ್ದ ಕೊಳ್ಳಿಯನ್ನು ಒಳಕ್ಕೆ ನೂಕುತ್ತಾರೆ. ಅದು ಯಾರ ಬೆಂಕಿಯೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಅದೇ ಜನ ಮರುದಿನ ಗಂಜಿನ ಓಣಿಯಲ್ಲಿ ಹೊಗೆ ಕಂಡಾಗ ಮಾತ್ರ ‘ಅದು ಅವರ ಗೋದಾಮು’ ಎಂದು ಮುಂದೆ ಹೋಗುತ್ತಾರೆ. ಗೋಡೆಗೆ ಗೋಡೆ ತಾಗಿರುವ ಓಣಿಯಲ್ಲಿ ಬೆಂಕಿಗೆ ಮಾಲೀಕನಿರುವುದು ಮೊದಲ ಕೆಲವು ನಿಮಿಷಗಳು ಮಾತ್ರ. ಆಮೇಲೆ ಅದು ಎಲ್ಲರದೂ ಆಗುತ್ತದೆ. ಬರುವ ಹತ್ತಿಯ ಹಂಗಾಮಿಗೆ ಮುನ್ನ ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ಕಾವಲುಗಾರನನ್ನು ಕರೆದು, ‘ಹೊಗೆ ಕಂಡರೆ ನನ್ನನ್ನು ಕೇಳಬೇಡ, ಮೊದಲು ಕೂಗು’ ಎಂದು ಹೇಳಿದರೆ, ಈ ವಿಷಯದಲ್ಲಿ ಮಾಡಬೇಕಾದ ಕೆಲಸದ ಅರ್ಧ ಅಂದೇ ಮುಗಿದಂತಾಗುತ್ತದೆ.